ಮೂಟೆ ಮೇಲೆ ಬರೆದಿರೋದು ಮೂಟೆ ಒಳಗಿದ್ಯಾ? ಪಶು ಆಹಾರದ ಲ್ಯಾಬ್ ಪರೀಕ್ಷೆ ಬಗ್ಗೆ ಹೈನುಗಾರರು, ಅಂಗಡಿಯವರು ತಿಳ್ಕೋಬೇಕಾದ್ದು

ಹಾಸನ: ಫೀಡ್ ಮೂಟೆ ರೇಟು ಏರ್ತಾನೇ ಇದೆ, ಬೂಸಾ ರೇಟು ಏರ್ತಾನೇ ಇದೆ, ಹಿಂಡಿ ರೇಟಂತೂ ಕೇಳೋದೇ ಬೇಡ. ಆದ್ರೆ ಡೇರಿಗೆ ಹಾಲು ಹಾಕಿದಾಗ ಮಾತ್ರ ಅದೇ ಹಳೇ ಕಥೆ. ಎಸ್‌ಎನ್‌ಎಫ್ 8.5 ಬರ್ಬೇಕಿತ್ತು, 8.2 ಬಂದಿದೆ. ಫ್ಯಾಟ್ ಕಡಿಮೆ. ಡಿಗ್ರಿ ಇಲ್ಲ. ಕೆಲವೊಮ್ಮೆ ಹಾಲೇ ವಾಪಸ್. "ನಾವೇನೂ ನೀರು ಹಾಕಿಲ್ಲ ಸ್ವಾಮಿ" ಅಂತ ರೈತ, "ಮಿಷನ್ ತೋರಿಸ್ತಿರೋದು ಇದೇ ಕಣಪ್ಪ" ಅಂತ ಕಾರ್ಯದರ್ಶಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕಿನ ಯಾವ ಊರಿನ ಡೇರಿ ಮುಂದೆ ನಿಂತ್ರೂ ಈ ಮಾತು ಕೇಳ್ದೇ ಇರಲ್ಲ.

ಇಬ್ಬರ ಮಾತೂ ನಿಜ ಇರಬಹುದು. ರೈತ ನೀರು ಹಾಕಿರಲ್ಲ, ಮಿಷನ್ನೂ ಸುಳ್ಳು ಹೇಳಿರಲ್ಲ. ತೊಂದರೆ ಇರೋದು ಎಷ್ಟೋ ಸಲ ಗೋದಲಿಯಲ್ಲಿ. ಹಸುಗೆ ನಾವು ಹಾಕ್ತಿರೋ ಆಹಾರದಲ್ಲಿ ಇರಬೇಕಾದ್ದು ಇಲ್ಲ, ಇಲ್ಲವೇ ಇರಬಾರದ್ದು ಇದೆ. ಇದನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಲ್ಯಾಬ್‌ಗೇ ಹೋಗ್ಬೇಕು.

ಮಣ್ಣು ಪರೀಕ್ಷೆ ಅಂದ್ರೆ ಈಗ ಎಲ್ರಿಗೂ ಗೊತ್ತು. ಪಶು ಆಹಾರ ಪರೀಕ್ಷೆ ಅಂದ್ರೆ "ಅದೂ ಮಾಡ್ತಾರಾ?" ಅಂತ ಕೇಳೋರೇ ಜಾಸ್ತಿ. ಆದ್ರೆ ಹಾಲಿನ ಉತ್ಪಾದನಾ ವೆಚ್ಚದಲ್ಲಿ ಸುಮಾರು ಶೇ.60ರಿಂದ 70ರಷ್ಟು ಹೋಗೋದು ಮೇವು, ಫೀಡಿಗೇ. ಅಷ್ಟು ದುಡ್ಡು ಸುರಿಯೋ ಸಾಮಾನಿನೊಳಗೆ ಏನಿದೆ ಅಂತ ನೋಡ್ದೇನೇ ಸುರೀತಾ ಇದ್ದೀವಿ. ಅದಕ್ಕೇ ಈ ವಿವರಣೆ.

ಎಸ್‌ಎನ್‌ಎಫ್‌ಗೂ ಮೂಟೆಗೂ ಏನು ಸಂಬಂಧ?

ಒಂದು ಸಣ್ಣ ಲೆಕ್ಕ ನೋಡಿ. ಹಸುವಿನ ಹಾಲಲ್ಲಿ ಸುಮಾರು ಶೇ.3.2ರಷ್ಟು ಪ್ರೋಟೀನ್ ಇರುತ್ತೆ. ಅಂದ್ರೆ 10 ಲೀಟರ್ ಕರೆಯೋ ಹಸು ದಿನಕ್ಕೆ ಹತ್ತಿರ ಹತ್ತಿರ 320 ಗ್ರಾಂ ಪ್ರೋಟೀನ್ ಹಾಲಲ್ಲಿ ಕೊಟ್ಟುಬಿಡುತ್ತೆ. ಶೇ.3.5 ಫ್ಯಾಟ್ ಅಂದ್ರೆ 350 ಗ್ರಾಂ ಕೊಬ್ಬು. ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ, ಲೀಟರ್‌ಗೆ ಸುಮಾರು 1.2 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 12 ಗ್ರಾಂ. ಇದೆಲ್ಲಾ ಬರಬೇಕಾದ್ದು ತಿನ್ನೋ ಆಹಾರದಿಂದ. ತಿಂದಿದ್ದರಲ್ಲಿ ಇಲ್ದೇ ಇದ್ರೆ ಸ್ವಲ್ಪ ದಿನ ಹಸು ತನ್ನ ಮೈಯಿಂದ ಕರಗಿಸಿ ಕೊಡುತ್ತೆ. ಆಮೇಲೆ ಹಾಲು ಇಳಿಯುತ್ತೆ, ಎಸ್‌ಎನ್‌ಎಫ್ ಇಳಿಯುತ್ತೆ, ಬೆದೆಗೆ ಬರೋದು ತಡವಾಗುತ್ತೆ, ಗಬ್ಬ ನಿಲ್ಲಲ್ಲ.

ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳ್ಬೇಕು. ಫ್ಯಾಟ್ ಕಡಿಮೆ ಆಗೋದಕ್ಕೂ ಎಸ್‌ಎನ್‌ಎಫ್ ಕಡಿಮೆ ಆಗೋದಕ್ಕೂ ಕಾರಣ ಒಂದೇ ಅಲ್ಲ. ಹಾಲಿನ ಕೊಬ್ಬು ತಯಾರಾಗೋಕೆ ನಾರು ಬೇಕು, ಅಂದ್ರೆ ಹುಲ್ಲು ಬೇಕು. ಹುಲ್ಲು ಕಮ್ಮಿ ಮಾಡಿ ಬರೀ ಫೀಡ್, ಜೋಳದ ಹಿಟ್ಟು ಸುರಿದ್ರೆ ಹಾಲು ಜಾಸ್ತಿ ಬಂದ್ರೂ ಫ್ಯಾಟ್ ಬೀಳುತ್ತೆ. ಎಸ್‌ಎನ್‌ಎಫ್ ಬೀಳೋದು ಹೆಚ್ಚಾಗಿ ಶಕ್ತಿ ಮತ್ತು ಪ್ರೋಟೀನ್ ಸಾಲದೇ ಇದ್ದಾಗ. ಕೆಚ್ಚಲು ಬಾವು ಇದ್ರೂ ಎಸ್‌ಎನ್‌ಎಫ್ ಬೀಳುತ್ತೆ. ಹಾಗಾಗಿ ಮೊದಲು ಡಾಕ್ಟರ್‌ಗೆ ಕೆಚ್ಚಲು ತೋರಿಸಿ. ಅಲ್ಲೇನೂ ಇಲ್ಲ ಅಂದ್ಮೇಲೆ ಮೂಟೆ ಮೇಲೆ ಅನುಮಾನ ಪಡಿ.

ನೆನಪಿರಲಿ, ಹಾಲಿನ ಗುಣಮಟ್ಟ ಬರೀ ಡೇರಿ ರೇಟಿನ ಪ್ರಶ್ನೆ ಅಲ್ಲ. ಸರ್ಕಾರ 2008ರಲ್ಲಿ ಲೀಟರ್‌ಗೆ 2 ರೂಪಾಯಿಯಂತೆ ಶುರು ಮಾಡಿ, 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಮಾಡಿದ ಪ್ರೋತ್ಸಾಹಧನ ಸಿಗೋದು ಸಂಘಕ್ಕೆ ಹಾಕಿದ ಹಾಲಿಗೆ. ವಾಪಸ್ ಬಂದ ಕ್ಯಾನಿಗೆ ರೇಟೂ ಇಲ್ಲ, ಪ್ರೋತ್ಸಾಹಧನವೂ ಇಲ್ಲ.

ಚೀಟಿ ಓದೋದು ಹೇಗೆ?

ಕಂಪನಿ ಫೀಡ್ ಮೂಟೆಗೆ ಒಂದು ಚೀಟಿ ಹೊಲಿದಿರ್ತಾರೆ, ಇಲ್ಲಾ ಮೂಟೆ ಮೇಲೇ ಪ್ರಿಂಟ್ ಇರುತ್ತೆ. ಅದನ್ನ ಕಿತ್ತು ಎಸೆಯೋದೇ ನಮ್ಮ ಅಭ್ಯಾಸ. ಭಾರತೀಯ ಮಾನಕ ಬ್ಯೂರೋ, ಅಂದ್ರೆ ಬಿಐಎಸ್, ಹಸುವಿನ ಮಿಶ್ರ ಆಹಾರಕ್ಕೆ ಐಎಸ್ 2052 ಅನ್ನೋ ಮಾನದಂಡ ಮಾಡಿದೆ. ಅದರಲ್ಲಿ ಬೇರೆ ಬೇರೆ ದರ್ಜೆ ಇವೆ. ಮೂಟೆಗಳ ಮೇಲೆ ಸಾಮಾನ್ಯವಾಗಿ ಕಾಣೋ ಒಂದು ದರ್ಜೆಯ ಲೆಕ್ಕ ಹೀಗಿರುತ್ತೆ:

- ತೇವಾಂಶ: ಶೇ.11ಕ್ಕಿಂತ ಹೆಚ್ಚಿರಬಾರದು
- ಕಚ್ಚಾ ಪ್ರೋಟೀನ್: ಶೇ.20ಕ್ಕಿಂತ ಕಡಿಮೆ ಇರಬಾರದು
- ಕಚ್ಚಾ ಕೊಬ್ಬು: ಶೇ.2.5ಕ್ಕಿಂತ ಕಡಿಮೆ ಇರಬಾರದು
- ಕಚ್ಚಾ ನಾರು: ಶೇ.12ಕ್ಕಿಂತ ಹೆಚ್ಚಿರಬಾರದು
- ಮರಳು, ಸಿಲಿಕಾ (ಆಮ್ಲದಲ್ಲಿ ಕರಗದ ಬೂದಿ): ಶೇ.4ಕ್ಕಿಂತ ಹೆಚ್ಚಿರಬಾರದು

ಗಮನಿಸಿ, ಕೆಲವದಕ್ಕೆ "ಕನಿಷ್ಠ", ಕೆಲವದಕ್ಕೆ "ಗರಿಷ್ಠ" ಅಂತ ಇರುತ್ತೆ. ಪ್ರೋಟೀನ್, ಕೊಬ್ಬು ಕನಿಷ್ಠ ಇಷ್ಟಾದ್ರೂ ಇರಬೇಕು. ನೀರು, ನಾರು, ಮರಳು ಇಷ್ಟು ಮೀರಬಾರದು. ಮೋಸ ಆಗೋದೂ ಇಲ್ಲೇ. ದುಬಾರಿ ಹಿಂಡಿ ಕಮ್ಮಿ ಮಾಡಿ ಕಡ್ಲೆಕಾಯಿ ಸಿಪ್ಪೆ, ಮರದ ಹೊಟ್ಟು, ಕಳಪೆ ತೌಡು ಸೇರಿಸಿದ್ರೆ ನಾರು, ಮರಳು ಮೇಲೆ ಹೋಗುತ್ತೆ, ಪ್ರೋಟೀನ್ ಕೆಳಗೆ ಬರುತ್ತೆ. ಬೆಲ್ಲದ ಮಡ್ಡಿ ವಾಸನೆ ಘಮ್ ಅಂತಿದ್ರೆ ಹಸು ತಿನ್ನುತ್ತೆ. ಹಸು ತಿಂತು ಅಂದ್ರೆ ಫೀಡ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. ಉದಾಹರಣೆಗೆ, ಒಂದು ಅಂಗಡೀಲಿ 50 ಕೆಜಿ ಮೂಟೆ 1300 ರೂಪಾಯಿ, ಪ್ರೋಟೀನ್ ಶೇ.20. ಪಕ್ಕದ ಅಂಗಡೀಲಿ 1100 ರೂಪಾಯಿ, ಲ್ಯಾಬಲ್ಲಿ ನೋಡಿದ್ರೆ ಪ್ರೋಟೀನ್ ಶೇ.14 ಅಂತಿಟ್ಕೊಳ್ಳಿ. ಮೊದಲ ಮೂಟೆಯಲ್ಲಿ 10 ಕೆಜಿ ಪ್ರೋಟೀನ್, ಕೆಜಿಗೆ 130 ರೂಪಾಯಿ ಬಿತ್ತು. ಎರಡನೇದರಲ್ಲಿ 7 ಕೆಜಿ, ಕೆಜಿಗೆ 157 ರೂಪಾಯಿ ಬಿತ್ತು. ಇನ್ನೂರು ರೂಪಾಯಿ ಉಳೀತು ಅಂತ ಖುಷಿಪಟ್ಟು ತಂದ ಮೂಟೆನೇ ದುಬಾರಿ ಆಯ್ತು.

ನೀರಿನ ಲೆಕ್ಕನೂ ಹಾಗೇ. ಶೇ.11 ಇರಬೇಕಾದ ತೇವಾಂಶ ಶೇ.16 ಇದ್ರೆ 50 ಕೆಜಿ ಮೂಟೆಯಲ್ಲಿ ಎರಡೂವರೆ ಕೆಜಿ ನೀರನ್ನ ಫೀಡಿನ ರೇಟಿಗೆ ಕೊಂಡಂಗೆ. ಮೇಲೆ ಬೂಷ್ಟು ಬೇರೆ ಬರುತ್ತೆ.

ಲ್ಯಾಬ್ ಒಳಗೆ ಏನ್ ಮಾಡ್ತಾರೆ?

ಇದೇನೂ ಮಾಯ ಮಂತ್ರ ಅಲ್ಲ. ತೂಕ ಹಾಕೋದು, ಒಣಗಿಸೋದು, ಸುಡೋದು, ಬೇಯಿಸೋದು, ಮತ್ತೆ ತೂಕ ಹಾಕೋದು. ನೂರೈವತ್ತು ವರ್ಷದ ಹಿಂದೆ ಜರ್ಮನಿಯ ವೀಂಡೆ ಅನ್ನೋ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಕ್ರಮವೇ ಇವತ್ತಿಗೂ ಮೂಲ.

ತೇವಾಂಶ ನೋಡೋಕೆ ಸ್ಯಾಂಪಲ್ ತೂಕ ಮಾಡಿ ಸುಮಾರು 100ರಿಂದ 105 ಡಿಗ್ರಿ ಬಿಸಿಯ ಓವನ್ನಲ್ಲಿ ಇಡ್ತಾರೆ. ನೀರೆಲ್ಲಾ ಆರಿದ್ಮೇಲೆ ಮತ್ತೆ ತೂಕ. ಎಷ್ಟು ಕಡಿಮೆ ಆಯ್ತೋ ಅಷ್ಟು ನೀರು.

ಬೂದಿ ನೋಡೋಕೆ ಕುಲುಮೆಯಲ್ಲಿ 550ರಿಂದ 600 ಡಿಗ್ರಿಯಲ್ಲಿ ಸುಟ್ಟುಬಿಡ್ತಾರೆ. ಉಳಿಯೋದು ಖನಿಜ ಮತ್ತು ಮರಳು. ಅದನ್ನ ಆಮ್ಲದಲ್ಲಿ ಕುದಿಸಿದ್ರೆ ಖನಿಜ ಕರಗುತ್ತೆ, ಮರಳು ಕರಗಲ್ಲ. ಆ ಕರಗದೇ ಉಳಿದದ್ದೇ "ಆಮ್ಲದಲ್ಲಿ ಕರಗದ ಬೂದಿ". ಇದು ಜಾಸ್ತಿ ಬಂದ್ರೆ ಮಣ್ಣೋ ಕಳಪೆ ಹೊಟ್ಟೋ ಸೇರಿದೆ ಅಂತ.

ನಾರಿಗೆ ಮೊದಲು ತೆಳು ಆಮ್ಲದಲ್ಲಿ, ಆಮೇಲೆ ತೆಳು ಕ್ಷಾರದಲ್ಲಿ ಕುದಿಸಿ ಸೋಸ್ತಾರೆ. ಕೊಬ್ಬಿಗೆ ಈಥರ್ ಥರದ ದ್ರಾವಕ ಹರಿಸಿ ಎಣ್ಣೆ ಅಂಶ ಎಳೀತಾರೆ.

ಪ್ರೋಟೀನ್ ಪರೀಕ್ಷೆ ಸ್ವಲ್ಪ ಬೇರೆ. ಇದನ್ನ ಕಂಡುಹಿಡಿದವರು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್, 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಕಂಪನಿಯ ಲ್ಯಾಬೇ. ಸ್ಯಾಂಪಲನ್ನ ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಅದರೊಳಗಿನ ಸಾರಜನಕವನ್ನ ಅಳೀತಾರೆ. ಪ್ರೋಟೀನಲ್ಲಿ ಸುಮಾರು ಶೇ.16 ಸಾರಜನಕ ಇರೋದ್ರಿಂದ, ಬಂದ ಸಂಖ್ಯೆಯನ್ನ 6.25ರಿಂದ ಗುಣಿಸ್ತಾರೆ. ಅದೇ "ಕಚ್ಚಾ ಪ್ರೋಟೀನ್".

ಈಗ ದೊಡ್ಡ ಕಾರ್ಖಾನೆಗಳಲ್ಲಿ ಬೆಳಕಿನ ಕಿರಣ ಹಾಯಿಸಿ ಒಂದೆರಡು ನಿಮಿಷದಲ್ಲಿ ರಿಸಲ್ಟ್ ಕೊಡೋ ಮಿಷನ್‌ಗಳೂ ಬಂದಿವೆ. ಲಾರಿ ಗೇಟಿನಲ್ಲಿ ನಿಂತಿರೋವಾಗ್ಲೇ ಜೋಳದ ತೇವಾಂಶ ಎಷ್ಟು, ಹಿಂಡಿಯ ಪ್ರೋಟೀನ್ ಎಷ್ಟು ಅಂತ ನೋಡಿ, ಆಗ್ದಿದ್ರೆ ವಾಪಸ್ ಕಳಿಸೋದು ಅದ್ರಿಂದ ಸುಲಭ.

ಯೂರಿಯಾ ಆಟ

ಮೇಲಿನ ಪ್ರೋಟೀನ್ ಪರೀಕ್ಷೆಯಲ್ಲಿ ಒಂದು ತೂತು ಇದೆ. ಅದು ಅಳೆಯೋದು ಸಾರಜನಕವನ್ನ, ಪ್ರೋಟೀನನ್ನ ಅಲ್ಲ. ಗೊಬ್ಬರದಂಗಡಿ ಯೂರಿಯಾದಲ್ಲಿ ಶೇ.46 ಸಾರಜನಕ ಇದೆ. 6.25ರಿಂದ ಗುಣಿಸಿದ್ರೆ ಲೆಕ್ಕಕ್ಕೆ ಶೇ.287 "ಪ್ರೋಟೀನ್"! 100 ಕೆಜಿ ಕಳಪೆ ಫೀಡಿನಲ್ಲಿ ಶೇ.12 ಪ್ರೋಟೀನ್ ಇದ್ರೆ, ಅದಕ್ಕೆ 2 ಕೆಜಿ ಯೂರಿಯಾ ಬೆರೆಸಿದ್ರೆ ಸಾಕು, ರಿಪೋರ್ಟಲ್ಲಿ ಶೇ.17ಕ್ಕಿಂತ ಮೇಲೆ ತೋರಿಸುತ್ತೆ.

2008ರಲ್ಲಿ ಚೀನಾದಲ್ಲಿ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿ ಮಕ್ಕಳ ಜೀವ ಹೋಗಿದ್ದು ಇದೇ ತೂತಿನಿಂದ. ಮೆಲಮೈನಲ್ಲೂ ಸಾರಜನಕ ಜಾಸ್ತಿ. ಆರು ಕಂದಮ್ಮಗಳು ತೀರಿಹೋದ್ವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ರು.

ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಸ್ವಲ್ಪ ಯೂರಿಯಾವನ್ನ ಪ್ರೋಟೀನಾಗಿ ಬದಲಾಯಿಸಿಕೊಳ್ತವೆ ಅನ್ನೋದು ನಿಜ. ಅದಕ್ಕೇ ಮಾನದಂಡದಲ್ಲೂ ಶೇ.1ರ ಮಿತಿ ಇದೆ. ಆದ್ರೆ ಮಿತಿ ಮೀರಿದ್ರೆ ಅದು ವಿಷ. ಹೊಟ್ಟೆಯಲ್ಲಿ ಅಮೋನಿಯಾ ಜಾಸ್ತಿಯಾಗಿ, ಹೊಟ್ಟೆ ಉಬ್ಬಿ, ನಡುಗಿ, ಗಂಟೆಗಳಲ್ಲಿ ಜೀವ ಹೋಗಬಹುದು. ಎಳೆಗರುವಿಗಂತೂ ಕೊಡಲೇಬಾರದು. ಹಾಗಾಗಿ ಲ್ಯಾಬ್‌ಗೆ ಸ್ಯಾಂಪಲ್ ಕೊಡುವಾಗ "ಪ್ರೋಟೀನ್ ನೋಡಿ" ಅಂದ್ರೆ ಸಾಲದು, "ಯೂರಿಯಾ ಪರೀಕ್ಷೆನೂ ಮಾಡಿ" ಅಂತ ಬಾಯ್ಬಿಟ್ಟು ಕೇಳಿ. ಅದು ಬೇರೆ ಪರೀಕ್ಷೆ. ಒಂದು ರಾಸಾಯನಿಕ ಹಾಕಿದ್ರೆ ಹಳದಿ ಬಣ್ಣ ಬರುತ್ತೆ, ಬಣ್ಣ ಎಷ್ಟು ಗಾಢವೋ ಯೂರಿಯಾ ಅಷ್ಟು.

ಬೂಷ್ಟು: ಹಸು ಬಾಯಿಂದ ಮಗು ಬಾಯಿಗೆ

ಎಲ್ಲಕ್ಕಿಂತ ಗಂಭೀರ ವಿಷಯ ಇದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಏಕಾಏಕಿ ಸತ್ತವು. ಯಾವ ಕಾಯಿಲೆ ಅಂತ ಗೊತ್ತಾಗದೇ ತಲೆಕೆಡಿಸಿಕೊಂಡು ಹುಡುಕಿದ್ರೆ, ಕಾರಣ ಬ್ರೆಜಿಲ್‌ನಿಂದ ತರಿಸಿದ ಕಡ್ಲೆಕಾಯಿ ಹಿಂಡಿ. ಹಿಂಡಿಗೆ ಬಂದಿದ್ದ ಬೂಷ್ಟು ಒಂದು ವಿಷ ಬಿಟ್ಟಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ರು.

ಕಡ್ಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿ, ಮುಸುಕಿನ ಜೋಳ, ಇವಕ್ಕೆಲ್ಲಾ ತೇವ ತಾಗಿದ್ರೆ ಈ ಬೂಷ್ಟು ಬರುತ್ತೆ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ಅದರ ಪಿತ್ತಜನಕಾಂಗದಲ್ಲಿ ಎಂ1 ಆಗಿ ಬದಲಾಗಿ, ಶೇ.1ರಿಂದ 3ರಷ್ಟು, ಹೆಚ್ಚು ಹಾಲು ಕೊಡೋ ಹಸುಗಳಲ್ಲಿ ಇನ್ನೂ ಜಾಸ್ತಿ, ಹಾಲಿಗೆ ಬರುತ್ತೆ. ಹಾಲು ಕಾಯಿಸಿದ್ರೂ ಇದು ಹೋಗಲ್ಲ. ಪಾಶ್ಚರೀಕರಣಕ್ಕೂ ಹೋಗಲ್ಲ. ಇದು ಕ್ಯಾನ್ಸರ್‌ಕಾರಕ.

ಹಾಲಲ್ಲಿ ಎಂ1ಗೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಟ್ಟಿರೋ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಸುವಿನ ಫೀಡಲ್ಲಿ ಬಿ1ಗೆ ಬಿಐಎಸ್ ಮಿತಿ ಕೆಜಿಗೆ 20 ಮೈಕ್ರೋಗ್ರಾಂ. 2018ರಲ್ಲಿ ಪ್ರಾಧಿಕಾರ ದೇಶಾದ್ಯಂತ 6432 ಹಾಲಿನ ಸ್ಯಾಂಪಲ್ ಪರೀಕ್ಷೆ ಮಾಡಿಸ್ತು. ಎಲ್ರೂ ನೀರು, ಯೂರಿಯಾ, ಡಿಟರ್ಜೆಂಟ್ ಕಲಬೆರಕೆ ಜಾಸ್ತಿ ಸಿಗುತ್ತೆ ಅಂದ್ಕೊಂಡಿದ್ರು. ಆದ್ರೆ ಹೆಚ್ಚು ಕಾಡಿದ್ದು ಇದೇ ಬೂಷ್ಟಿನ ವಿಷ. 368 ಸ್ಯಾಂಪಲ್, ಅಂದ್ರೆ ಶೇ.5.7ರಷ್ಟರಲ್ಲಿ ಎಂ1 ಮಿತಿ ಮೀರಿತ್ತು. ಹಾಲಿಗೆ ಯಾರೂ ಬೆರೆಸಿದ್ದಲ್ಲ. ಮೇವು, ಫೀಡಿನಿಂದ ಬಂದದ್ದು.

ಒಂದು ಸಮಾಧಾನ ಏನಂದ್ರೆ, ಬೂಷ್ಟು ಹಿಡಿದ ಆಹಾರ ನಿಲ್ಲಿಸಿದ್ರೆ ಮೂರ್ನಾಲ್ಕು ದಿನದಲ್ಲಿ ಹಾಲಲ್ಲಿ ಇದು ಬಹುತೇಕ ಇಲ್ಲವಾಗುತ್ತೆ. ಆದ್ರೆ "ಮನುಷ್ಯರಿಗೆ ಆಗಲ್ಲ, ದನಕ್ಕೆ ಹಾಕು" ಅಂತ ಬೂಷ್ಟು ಬಂದ ಕಡ್ಲೆಕಾಯಿ, ಜೋಳ, ಕೊಬ್ಬರಿಯನ್ನ ಗೋದಲಿಗೆ ಸುರಿಯೋ ಅಭ್ಯಾಸ ಮೊದಲು ನಿಲ್ಲಬೇಕು. ದನಕ್ಕೆ ಹಾಕಿದ್ದು ಮಾರನೇ ದಿನ ಲೋಟದಲ್ಲಿ ಮನೆಗೇ ವಾಪಸ್ ಬರುತ್ತೆ.

ಇನ್ನೊಂದು ಮಾತು. ಹಸಿರು ಬೂಷ್ಟು ಕಂಡ್ರೆ ಮಾತ್ರ ವಿಷ ಅಂತಲ್ಲ. ಬಿಸಿಲಿಗೆ ಒಣಗಿಸಿ ಉಜ್ಜಿದ್ರೆ ಬೂಷ್ಟು ಹೋಗುತ್ತೆ, ವಿಷ ಒಳಗೇ ಇರುತ್ತೆ.

ನಮ್ಮ ನಾಲ್ಕು ತಾಲ್ಲೂಕಲ್ಲಿ ಏನು ನೋಡ್ಬೇಕು?

ಚನ್ನರಾಯಪಟ್ಟಣ: ತೆಂಗು, ರಾಗಿ ಸೀಮೆ. ರಾಗಿ ಹುಲ್ಲಿಗೆ ಭತ್ತದ ಹುಲ್ಲಿಗಿಂತ ಒಳ್ಳೆ ಹೆಸರಿದೆ, ಸುಣ್ಣದ ಅಂಶನೂ ಹೆಚ್ಚು. ಆದ್ರೂ ಪ್ರೋಟೀನ್ ಶೇ.3–4ರ ಆಸುಪಾಸು ಅಷ್ಟೇ. ಕೊಬ್ಬರಿ ಹಿಂಡಿಯಲ್ಲಿ ಶೇ.20ರ ಆಸುಪಾಸು ಪ್ರೋಟೀನ್ ಸಿಗುತ್ತೆ. ಆದ್ರೆ ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯೋದ್ರಿಂದ ಬೇಗ ಕಮಟು ಬರುತ್ತೆ, ಬೂಷ್ಟೂ ಹಿಡಿಯುತ್ತೆ. ಪರೀಕ್ಷೆ ಮಾಡಿಸಬೇಕಾದ್ದು: ಕೊಬ್ಬು, ಪ್ರೋಟೀನ್, ಅಫ್ಲಾಟಾಕ್ಸಿನ್.

ಹೊಳೆನರಸೀಪುರ: ಹೇಮಾವತಿ ನಾಲೆ ನೀರು, ಭತ್ತ. ಭತ್ತದ ಹುಲ್ಲಲ್ಲಿ ಸಿಲಿಕಾ ಹೆಚ್ಚು, ಹೊಟ್ಟೆ ತುಂಬುತ್ತೆ, ಶಕ್ತಿ ಕಮ್ಮಿ. ಮಿಲ್ಲಿನಿಂದ ತರೋ ತೌಡಿನಲ್ಲಿ ಹೊಟ್ಟು ಬೆರೆತಿದ್ಯಾ ಅನ್ನೋದು ಮುಖ್ಯ. ಒಳ್ಳೆ ತೌಡಿನಲ್ಲಿ ಪ್ರೋಟೀನ್ ಶೇ.12ರಿಂದ 14 ಇರುತ್ತೆ. ಪರೀಕ್ಷೆ: ನಾರು, ಮರಳು-ಸಿಲಿಕಾ.

ಅರಕಲಗೂಡು: ಹೊಗೆಸೊಪ್ಪು, ಮುಸುಕಿನ ಜೋಳದ ತಾಲ್ಲೂಕು. ಪಶ್ಚಿಮದ ಕಡೆ ಹೋದಂಗೆ ಮಳೆ, ತಂಪು ಜಾಸ್ತಿ. ಕೊಯ್ಲಿನ ಹೊತ್ತಲ್ಲಿ ಮಳೆ ಹಿಡಿದ್ರೆ ಜೋಳ ಸರಿಯಾಗಿ ಒಣಗಲ್ಲ. ತೇವಾಂಶ ಶೇ.12–13ಕ್ಕೆ ಇಳಿಯೋವರೆಗೂ ಮೂಟೆ ಕಟ್ಟಬಾರದು. ರಸಮೇವು ಮಾಡಿರೋರು ಹುಳಿ ಸರಿಯಾಗಿ ಕೂತಿದ್ಯಾ ಅಂತಲೂ ನೋಡಿಸಬಹುದು. ಪಿಎಚ್ 4ರ ಆಸುಪಾಸು ಇದ್ರೆ ಒಳ್ಳೆದು. ಪರೀಕ್ಷೆ: ತೇವಾಂಶ, ಅಫ್ಲಾಟಾಕ್ಸಿನ್.

ಹಾಸನ: ಜೋಳ, ಆಲೂಗೆಡ್ಡೆ. ಮಾರಾಟವಾಗದ ಆಲೂಗೆಡ್ಡೆಯನ್ನ ದನಕ್ಕೆ ಹಾಕೋದುಂಟು. ಹಸಿರಾದ, ಮೊಳಕೆ ಬಂದ ಗೆಡ್ಡೆ, ಆಲೂಗೆಡ್ಡೆ ಸೊಪ್ಪು ಹಾಕಬೇಡಿ, ಸೋಲನೈನ್ ಅನ್ನೋ ವಿಷ ಇರುತ್ತೆ. ರಸ್ತೆ ಮೇಲೆ ಒಣಗಿಸಿದ ಜೋಳದಲ್ಲಿ ಮಣ್ಣು ಸೇರೋದು ಸಾಮಾನ್ಯ. ಪರೀಕ್ಷೆ: ಮರಳು, ತೇವಾಂಶ.

ಸ್ಯಾಂಪಲ್ ಸರಿ ಇಲ್ದಿದ್ರೆ ರಿಪೋರ್ಟೂ ಸರಿ ಇರಲ್ಲ

ಮೇಲಿಂದ ಒಂದು ಹಿಡಿ ತಗೊಂಡು ಕವರಿಗೆ ಹಾಕಿ ಕೊಟ್ರೆ ಅದು ಪರೀಕ್ಷೆನೇ ಅಲ್ಲ. ಭಾರದ ಪುಡಿ ಮೂಟೆ ತಳ ಸೇರಿರುತ್ತೆ, ಬೂಷ್ಟು ಒಂದು ಮೂಲೆಯಲ್ಲಿ ಗುಂಪಾಗಿರುತ್ತೆ. ಹೀಗೆ ಮಾಡಿ:

1. ಹತ್ತು ಮೂಟೆ ಒಳಗಿದ್ರೆ ಎಲ್ಲಾ ಮೂಟೆಯಿಂದ, ಜಾಸ್ತಿ ಇದ್ರೆ ಕನಿಷ್ಠ ಹತ್ತು ಮೂಟೆಯಿಂದ ತೆಗೀರಿ. ಪ್ರತಿ ಮೂಟೆಯ ಮೇಲೆ, ಮಧ್ಯ, ತಳ ಮೂರೂ ಕಡೆಯಿಂದ.
2. ಎಲ್ಲಾ ಒಂದು ಒಣ, ಶುಭ್ರ ಹಾಳೆ ಮೇಲೆ ಸುರಿದು ಚೆನ್ನಾಗಿ ಕಲಸಿ.
3. ದೋಸೆಯಂಗೆ ಹರಡಿ ನಾಲ್ಕು ಭಾಗ ಮಾಡಿ. ಎದುರು ಬದುರು ಎರಡು ಭಾಗ ಇಟ್ಕೊಂಡು ಉಳಿದದ್ದು ಬಿಡಿ. ಅರ್ಧ ಕೆಜಿಯಷ್ಟು ಆಗೋವರೆಗೂ ಹೀಗೇ ಮಾಡಿ. ಅಫ್ಲಾಟಾಕ್ಸಿನ್ ಪರೀಕ್ಷೆಗಾದ್ರೆ ಒಂದು ಕೆಜಿ ಇರಲಿ.
4. ಗಾಳಿ ಆಡದ ಒಣ ಕವರಿಗೆ ಹಾಕಿ ಸೀಲ್ ಮಾಡಿ. ಇಂಥದ್ದೇ ಇನ್ನೊಂದು ಕವರ್ ನಿಮ್ಮ ಹತ್ರ ಇರಲಿ.
5. ಮೇಲೆ ಬರೀರಿ: ಫೀಡಿನ ಹೆಸರು, ಬ್ಯಾಚ್ ನಂಬರ್, ತಯಾರಾದ ದಿನ, ಕೊಂಡ ದಿನ, ಸ್ಯಾಂಪಲ್ ತೆಗೆದ ದಿನ. ಚೀಟಿ, ಬಿಲ್ಲು ಎರಡೂ ಎತ್ತಿಡಿ.

ಹಸಿ ಮೇವಾದ್ರೆ ಹೊಲದ ಎಂಟತ್ತು ಕಡೆಯಿಂದ ಕೊಯ್ದು, ಕತ್ತರಿಸಿ, ಕಲಸಿ, ಅವತ್ತೇ ಲ್ಯಾಬಿಗೆ ಮುಟ್ಟಿಸಿ.

ಎಲ್ಲಿಗೆ ಹೋಗ್ಬೇಕು?

ಹಾಸನ ಜಿಲ್ಲೆಯವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾದಾಗ ಮೊದಲು ಆರಿಸಿಕೊಂಡ ಹಳೇ ಮೈಸೂರು ಜಿಲ್ಲೆಗಳಲ್ಲಿ ಹಾಸನವೂ ಒಂದು. ಅದೇ ಮುಂದೆ 1984ರಲ್ಲಿ ಕೆಎಂಎಫ್ ಆಯ್ತು. ಕೆಎಂಎಫ್‌ನ ಪಶು ಆಹಾರ ಕಾರ್ಖಾನೆಗಳಲ್ಲಿ ಒಂದು ಹಾಸನದಲ್ಲೇ ಇದೆ. ಹಾಸನದ ಪಶು ವೈದ್ಯಕೀಯ ಕಾಲೇಜಿನಲ್ಲಿ ಪಶು ಪೋಷಣಾ ವಿಭಾಗ ಇದೆ. ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಎನ್‌ಎಬಿಎಲ್ ಮಾನ್ಯತೆ ಇರೋ ಖಾಸಗಿ ಲ್ಯಾಬ್‌ಗಳೂ ಬೆಂಗಳೂರಲ್ಲಿವೆ.

ಸುಮ್ನೆ ಬಸ್ ಹತ್ತಬೇಡಿ. ಮೊದಲು ನಿಮ್ಮೂರ ಡೇರಿ ಕಾರ್ಯದರ್ಶಿ, ಹಾಲು ಒಕ್ಕೂಟದ ವಿಸ್ತರಣಾಧಿಕಾರಿ, ಪಶು ಆಸ್ಪತ್ರೆ ಡಾಕ್ಟರ್ ಹತ್ರ ಕೇಳಿ. ಯಾವ ಪರೀಕ್ಷೆ, ಎಷ್ಟು ಶುಲ್ಕ, ಎಷ್ಟು ದಿನ ಅಂತ ಫೋನಲ್ಲೇ ವಿಚಾರಿಸಿ. ಒಬ್ಬೊಬ್ಬರೇ ಹೋಗೋದಕ್ಕಿಂತ ಒಂದೇ ಬ್ಯಾಚಿನ ಫೀಡ್ ಕೊಂಡ ಹತ್ತು ಮನೆಯವರು ಸೇರಿ ಒಂದು ಸ್ಯಾಂಪಲ್ ಕಳಿಸಿದ್ರೆ ಖರ್ಚು ಹಂಚಿಹೋಗುತ್ತೆ. ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ, ಸಂಘದಿಂದಲೇ ಕಳಿಸೋಣ ಅಂತ ಕೇಳೋದ್ರಲ್ಲೂ ತಪ್ಪಿಲ್ಲ.

ಲ್ಯಾಬಿಗೆ ಮುಂಚೆ ಮನೇಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗಾಜಿನ ಲೋಟಕ್ಕೆ ನೀರು ಹಾಕಿ ಒಂದು ಹಿಡಿ ಪುಡಿ ಫೀಡ್ ಬಿಡಿ, ಕದಡಿ ಸ್ವಲ್ಪ ಹೊತ್ತು ಬಿಡಿ. ಮರಳು ತಳದಲ್ಲಿ ಕೂರುತ್ತೆ, ಸಿಪ್ಪೆ ಹೊಟ್ಟು ಮೇಲೆ ತೇಲುತ್ತೆ. ಮೂಟೆ ಒಳಗೆ ಕೈ ತೂರಿಸಿ, ಬೆಚ್ಚಗಿದ್ರೆ, ಗಂಟು ಕಟ್ಟಿದ್ರೆ, ಮುಗ್ಗಲು ವಾಸನೆ ಬಂದ್ರೆ ಹಸುಗೆ ಹಾಕಬೇಡಿ. ಇದು ಅನುಮಾನಕ್ಕೆ ಮಾತ್ರ, ಲ್ಯಾಬ್ ರಿಪೋರ್ಟಿಗೆ ಬದಲು ಅಲ್ಲ.

ರಿಪೋರ್ಟ್ ಬಂತು, ಮುಂದೇನು?

ರಿಪೋರ್ಟ್ ಹಿಡ್ಕೊಂಡು ಸೀದಾ ಜಗಳಕ್ಕೆ ಹೋಗೋದಲ್ಲ. ಅದರ ನಿಜವಾದ ಉಪಯೋಗ ಗೋದಲಿ ಸರಿ ಮಾಡೋದು.

10 ಲೀಟರ್ ಕರೆಯೋ ಮಿಶ್ರತಳಿ ಹಸು ಅಂದ್ಕೊಳ್ಳಿ. ದಿನಕ್ಕೆ 5 ಕೆಜಿ ರಾಗಿ ಹುಲ್ಲು, 15 ಕೆಜಿ ಹಸಿ ಜೋಳದ ಕಡ್ಡಿ, 5 ಕೆಜಿ ಫೀಡ್ ಹಾಕ್ತಿದ್ದೀರಿ. ಹುಲ್ಲಿಂದ ಬರೋ ಪ್ರೋಟೀನ್ ಸುಮಾರು 175 ಗ್ರಾಂ, ಹಸಿ ಮೇವಿಂದ ಸುಮಾರು 240 ಗ್ರಾಂ. ಫೀಡ್ ಶೇ.20ರದ್ದಾದ್ರೆ ಅದರಿಂದ 1000 ಗ್ರಾಂ. ಶೇ.14ರದ್ದಾದ್ರೆ 700 ಗ್ರಾಂ ಮಾತ್ರ. ಹಸು ಅದೇ, ಬಕೆಟ್ ಅದೇ, ದಿನಕ್ಕೆ 300 ಗ್ರಾಂ ಪ್ರೋಟೀನ್ ಖೋತಾ. 10 ಲೀಟರ್ ಹಾಲಲ್ಲಿ ಹೋಗೋದು 320 ಗ್ರಾಂ ಅಂತ ಮೇಲೆ ನೋಡಿದ್ವಿ. ಎಷ್ಟು ದೊಡ್ಡ ಖೋತಾ ಅಂತ ನೀವೇ ಯೋಚಿಸಿ.

ಇಂಥಾ ಖೋತಾ ತುಂಬೋಕೆ ಇನ್ನೂ ಎರಡು ಕೆಜಿ ಫೀಡ್ ಸುರಿಯಲೇಬೇಕು ಅಂತಿಲ್ಲ. ಶೇ.40ಕ್ಕೂ ಮೇಲೆ ಪ್ರೋಟೀನ್ ಇರೋ ಒಳ್ಳೆ ಕಡ್ಲೆಕಾಯಿ ಹಿಂಡಿ ಮುಕ್ಕಾಲು ಕೆಜಿ ಆ ಜಾಗ ತುಂಬುತ್ತೆ. ಅಥವಾ ಕುದುರೆ ಮಸಾಲೆ, ಅಲಸಂದೆಯಂಥ ದ್ವಿದಳ ಮೇವನ್ನ ಜೋಳದ ಮೇವಿನ ಜೊತೆ ಬೆಳೆದ್ರೆ ಖರ್ಚು ಇನ್ನೂ ಕಮ್ಮಿ. ಮೇವಲ್ಲಿ ಇಲ್ಲದ ಖನಿಜಕ್ಕೆ ಡಾಕ್ಟರ್ ಹೇಳಿದಷ್ಟು ಖನಿಜ ಮಿಶ್ರಣ ಕೊಡಿ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಊರೂರಲ್ಲಿ ಮಾಡಿಸಿದ "ಸಮತೋಲನ ಪಶು ಆಹಾರ" ಕಾರ್ಯಕ್ರಮದ ಸಾರವೂ ಇದೇ: ಜಾಸ್ತಿ ಹಾಕೋದಲ್ಲ, ಲೆಕ್ಕ ಹಾಕಿ ಹಾಕೋದು. ಕೆಲವು ಮನೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹಾಕ್ತಿರ್ತಾರೆ. ಅಂಥವರಿಗೆ ರಿಪೋರ್ಟ್ ನೋಡಿದ್ಮೇಲೆ ಫೀಡ್ ಖರ್ಚು ಇಳಿಯುತ್ತೆ.

ಬದಲಾವಣೆ ಮಾತ್ರ ಒಂದೇ ದಿನಕ್ಕೆ ಮಾಡಬೇಡಿ. ಹಸುವಿನ ಹೊಟ್ಟೆ ಹೊಸ ಆಹಾರಕ್ಕೆ ಒಗ್ಗೋಕೆ ವಾರ ಹತ್ತು ದಿನ ಬೇಕು. ಸ್ವಲ್ಪ ಸ್ವಲ್ಪವೇ ಬದಲಿಸಿ. ಎರಡು ಮೂರು ವಾರ ಫ್ಯಾಟ್, ಎಸ್‌ಎನ್‌ಎಫ್ ಬರೆದಿಟ್ಟು ನೋಡಿ. ಡೇರಿ ಪಾಸ್‌ಬುಕ್ಕೇ ನಿಮ್ಮ ಎರಡನೇ ರಿಪೋರ್ಟ್.

ಅಂಗಡಿಯವರಿಗೆ ಒಂದು ಮಾತು

ಕೆಟ್ಟ ಮೂಟೆ ಬಂದಾಗ ಮೊದಲು ಬೈಸಿಕೊಳ್ಳೋರು ನೀವು. ಕಾರ್ಖಾನೆ ದೂರದಲ್ಲಿರುತ್ತೆ, ಅಂಗಡಿ ಸರ್ಕಲ್ಲಲ್ಲೇ ಇರುತ್ತೆ. ಹಾಗಾಗಿ ಪರೀಕ್ಷೆ ನಿಮಗೂ ರಕ್ಷಣೆ. ಸರಕು ಬರುವಾಗ ಬ್ಯಾಚಿನ ಟೆಸ್ಟ್ ರಿಪೋರ್ಟ್ ಕೇಳಿ ಇಸ್ಕೊಳ್ಳಿ. ಐಎಸ್‌ಐ ಗುರುತು ಇದ್ಯಾ, ತಯಾರಾದ ದಿನ ಇದ್ಯಾ ನೋಡಿ. ಬಿಲ್ಲಲ್ಲಿ ಬ್ಯಾಚ್ ನಂಬರ್ ಬರೆದುಕೊಡಿ. ಪ್ರತಿ ಲೋಡಿನಿಂದ ಅರ್ಧ ಕೆಜಿ ಸೀಲ್ ಮಾಡಿ ಎತ್ತಿಟ್ರೆ ನಾಳೆ ತಕರಾರು ಬಂದಾಗ ತೋರಿಸೋಕೆ ಆಧಾರ ಇರುತ್ತೆ.

ಎಷ್ಟೋ ಸಲ ಕಾರ್ಖಾನೆಯಿಂದ ಚೆನ್ನಾಗೇ ಬಂದ ಮೂಟೆ ಕೆಡೋದು ಗೋಡೌನಲ್ಲಿ. ಮೂಟೆಯನ್ನ ನೆಲಕ್ಕೆ ತಾಗಿಸದೇ ಹಲಗೆ ಮೇಲಿಡಿ. ಗೋಡೆಯಿಂದ ಒಂದಡಿ ಜಾಗ ಬಿಡಿ. ಮೊದಲು ಬಂದ ಲೋಡ್ ಮೊದಲು ಮಾರಿ. ಮಳೆಗಾಲದಲ್ಲಿ ಹಿಂಡಿ, ಬೂಸಾ ತಿಂಗಳಿಗೆ ಬೇಕಾದಷ್ಟೇ ತರಿಸಿ. ನೆನೆದ ಮೂಟೆಯನ್ನ ಒಣಗಿಸಿ ಮತ್ತೆ ಹೊಲಿದು ಮಾರೋ ಯೋಚನೆ ಬೇಡ. ಆ ಹಾಲನ್ನ ಕುಡಿಯೋದು ಇದೇ ಪೇಟೆ ಮಕ್ಕಳು, ನಿಮ್ಮ ಮನೆ ಮಕ್ಕಳೂ ಸೇರಿ.

ರೈತರು ಮಾಡಬಹುದಾದ ಮೊದಲ ಕೆಲಸ ಇವತ್ತೇ ಇದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೊಟ್ಟಿಗೆಯಲ್ಲಿರೋ ಮೂಟೆಯ ಚೀಟಿ ಹುಡುಕಿ ಓದಿ, ಬ್ಯಾಚ್ ನಂಬರ್ ಬರೆದಿಡಿ. ಚೀಟಿನೇ ಇಲ್ಲದ ಮೂಟೆ ಆದ್ರೆ, ಮುಂದಿನ ಸಲ ಕೊಳ್ಳೋ ಮುಂಚೆ ಯಾಕಿಲ್ಲ ಅಂತ ಕೇಳಿ.